ಕೈ ಹಿಟ್ಟಾದರೆ

ನವರಾತ್ರಿ ಹತ್ತಿರ ಬಂತೆಂದರೆ ಮೈಸೂರಿನ ಗೃಹಿಣಿಯರಿಗೆ ಜಂಬೂಸವಾರಿಗಿಂತ ದೊಡ್ಡ ಯೋಚನೆ ಒಂದಿರುತ್ತದೆ: ಬೊಂಬೆ ತಿಂಡಿಗೆ ಏನು ಮಾಡುವುದು? ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ಪಟ್ಟದ ರಾಜ-ರಾಣಿಯರನ್ನು ಮೇಲೆ ಕೂರಿಸುವುದೇನೋ ಒಂದು ದಿನದ ಕೆಲಸ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ “ಆಂಟೀ, ಬೊಂಬೆ ಕೂರ್ಸಿದೀರಾ?” ಎಂದು ಕೂಗುವ ಮಕ್ಕಳ ದಂಡಿಗೆ ಒಂಬತ್ತು ದಿನವೂ ಕೈಗೆ ಏನಾದರೊಂದು ಇಡಬೇಕಲ್ಲ!

ನಾನು ಚಿಕ್ಕವಳಿದ್ದಾಗ ಚಾಮುಂಡಿಪುರಂನಲ್ಲಿ ನಾವೂ ಹೀಗೆ ಮನೆಮನೆ ಸುತ್ತಿದವರೇ. ಯಾರ ಮನೆಯಲ್ಲಿ ಕೊಬ್ಬರಿ ಮಿಠಾಯಿ, ಯಾರ ಮನೆಯಲ್ಲಿ ಬರೀ ಕಡಲೆಕಾಳಿನ ಚರ್ಪು ಎನ್ನುವ ಗುಪ್ತ ವರದಿ ಸಂಜೆ ಐದಕ್ಕೆಲ್ಲ ಬೀದಿಯ ಮಕ್ಕಳಿಗೆ ತಲುಪಿರುತ್ತಿತ್ತು. ಮದುವೆಯಾಗಿ ಬಂದ ಮನೆಯಲ್ಲಿ ನಮ್ಮತ್ತೆ ದಿನಕ್ಕೊಂದು ಬಗೆ ಮಾಡುತ್ತಿದ್ದರು, ಅದೂ ಮಡಿಯುಟ್ಟು. ಈಗ ಅವರಿಗೆ ಎಂಬತ್ತೇಳು ವರ್ಷ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ ಮಾತ್ರ ಅವರದು. ನನಗೋ ಶಾಲೆ, ಉತ್ತರಪತ್ರಿಕೆ, ಮಂಡಿನೋವು. ಮುಚ್ಚಿಡುವುದೇಕೆ, ಕೆಲವು ವರ್ಷಗಳಿಂದ ಅಂಗಡಿಯ ಬಿಸ್ಕತ್ತು ಪೊಟ್ಟಣಗಳನ್ನು ಒಂದು ಬುಟ್ಟಿಯಲ್ಲಿ ತುಂಬಿಟ್ಟು ಬಂದ ಮಕ್ಕಳಿಗೆ ಒಂದೊಂದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಮಕ್ಕಳೂ ಬೇಸರ ತೋರಿಸಿದವರಲ್ಲ. ಅವರಿಗೆ ಎಲ್ಲ ಮನೆಯಲ್ಲೂ ಅದೇ ಸಿಗುತ್ತಿತ್ತು.

2024ರ ದಸರಾ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಪುಟ್ಟಿ ಬಂದಳು. ಹತ್ತು ವರ್ಷ, ಐದನೆಯ ತರಗತಿ. ಬಟ್ಟೆಯ ಚೀಲದ ಜೊತೆಗೆ ಒಂದು ಕಡತದಷ್ಟು ರಜೆಯ ಹೋಂವರ್ಕು. ಅದರಲ್ಲಿ ನಾಲ್ಕು ಹಾಳೆ ಬರೀ ಭಿನ್ನರಾಶಿ. “ಅಮ್ಮ, ಇವಳಿಗೆ ಲೆಕ್ಕ ಅಂದ್ರೆ ಹೊಟ್ಟೆನೋವು ಬರತ್ತೆ. ನೀನೇ ಟೀಚರು, ಸ್ವಲ್ಪ ನೋಡು” ಎಂದು ಹೇಳಿ ಮಗಳು ಅದೇ ಸಂಜೆಯ ರೈಲಿಗೆ ವಾಪಸು ಹೊರಟಳು. ಪುಟ್ಟಿ ಮೊದಲ ದಿನವೇ ನನ್ನನ್ನು ಕೇಳಿದ ಪ್ರಶ್ನೆ: “ಅಜ್ಜಿ, ಸರಸ್ವತಿ ಪೂಜೆಗೆ ಪುಸ್ತಕ ಇಟ್ರೆ ಓದೋ ಹಾಗಿಲ್ಲ ಅಲ್ವಾ? ಆ ಪೂಜೆ ನಾಳೆನೇ ಇಟ್ಕೊಳ್ಳೋಣ್ವಾ?”

ನಾನು ಬಿ.ಎ. ಮುಗಿಸಿ, ಮದುವೆಯಾಗಿ, ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಿ.ಎಡ್. ಮಾಡಿದವಳು. ಕನ್ನಡ, ಸಮಾಜ ನನ್ನ ವಿಷಯಗಳಾದರೂ, ನಮ್ಮಂಥ ಅನುದಾನಿತ ಶಾಲೆಗಳಲ್ಲಿ ಯಾರಾದರೂ ರಜೆ ಹಾಕಿದರೆ ಲೆಕ್ಕವನ್ನೂ ತೆಗೆದುಕೊಳ್ಳಬೇಕಾಗುತ್ತದೆ. ಐದನೆಯ ತರಗತಿಯ ಭಿನ್ನರಾಶಿ ಯಾವ ಮಹಾ ಎಂದುಕೊಂಡು ಮಾರನೆಯ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡೆ. ಕಾಗದ ದುಂಡಗೆ ಕತ್ತರಿಸಿ ಮಡಿಸಿ ತೋರಿಸಿದೆ. ಎಂಟರಲ್ಲೊಂದು ದೊಡ್ಡದೋ, ನಾಲ್ಕರಲ್ಲೊಂದು ದೊಡ್ಡದೋ ಎಂದು ಕೇಳಿದೆ.

“ಒನ್ ಬೈ ಏಟ್” ಎಂದಳು. ನನ್ನ ಹುಬ್ಬು ಏನೋ ಹೇಳಿರಬೇಕು. “ಅಲ್ಲಲ್ಲ, ಒನ್ ಬೈ ಫೋರ್” ಎಂದಳು.

ಅವಳ ಕಣ್ಣು ಕಾಗದದ ಮೇಲೆ ಇರಲೇ ಇಲ್ಲ. ನನ್ನ ಮುಖದ ಮೇಲಿತ್ತು. ಮೂವತ್ತೊಂದು ವರ್ಷ ಪಾಠ ಮಾಡಿದ ನನಗೆ ಈ ಆಟ ಗೊತ್ತಿಲ್ಲವೆ? ಮಕ್ಕಳು ಪುಸ್ತಕ ಓದುವುದಕ್ಕಿಂತ ಚೆನ್ನಾಗಿ ಮೇಷ್ಟರ ಮುಖ ಓದುತ್ತಾರೆ. ನಾವು ಸ್ವಲ್ಪ ಬಾಯಿ ತೆರೆದರೆ “ಹೌದು” ಎನ್ನುತ್ತಾರೆ, ಬಾಯಿ ಬಿಗಿದರೆ “ಅಲ್ಲ” ಎನ್ನುತ್ತಾರೆ. ತರಗತಿಯಲ್ಲಿ ನಲವತ್ತು ಮಕ್ಕಳ ನಡುವೆ ಅದು ಹೇಗೋ ಸಾಗಿಹೋಗುತ್ತದೆ. ಮನೆಯ ಮಗು ಎದುರಿಗೆ ಕುಳಿತು ಹಾಗೆ ನೋಡಿದಾಗ ಮಾತ್ರ ಸಿಟ್ಟು ಬಂತು. 1/8 ಮತ್ತು 1/8 ಕೂಡಿಸು ಎಂದರೆ, ಮೇಲಿನದಕ್ಕೆ ಮೇಲಿನದು ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/16 ಎಂದು ಬರೆದಿದ್ದಳು. ನಾನು ದನಿ ಎತ್ತಿದೆ. ಅವಳು ಅತ್ತಳು. ಅಳುತ್ತಳುತ್ತಲೇ ಹೇಳಿದಳು: “ನೀನು ಅಜ್ಜಿಯಾಗೇ ಇರು. ಟೀಚರ್ ಆಗ್ಬೇಡ.”

“ಒನ್ ಬೈ ಟು ಕಾಫಿ ಕುಡಿಯೋ ಊರಿನ ಮಗೂಗೆ ಭಿನ್ನರಾಶಿ ಬರಲ್ಲ ಅಂದ್ರೆ ತಪ್ಪು ನಿಂದೇ ಕಣೇ” ಎಂದು ನಮ್ಮವರು ಪೇಪರಿನ ಹಿಂದಿನಿಂದ ಒಗ್ಗರಣೆ ಹಾಕಿದರು.

ಇಂಥ ಹೊತ್ತಿನಲ್ಲಿ ನನ್ನ ಬುಟ್ಟಿಯ ಬಿಸ್ಕತ್ತು ಪೊಟ್ಟಣಗಳನ್ನು ಕಂಡು ಪುಟ್ಟಿ ಮೂಗು ಮುರಿದಳು. “ನಾವೇ ಯಾಕೆ ಬಿಸ್ಕತ್ ಮಾಡ್ಬಾರ್ದು?” ಅವಳ ಬೆನ್ನಿಗೆ ನಿಂತವನು ಕೆಳಗಿನ ಬಾಡಿಗೆ ಮನೆಯ ಏಳು ವರ್ಷದ ಗುಂಡ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ನಾನು, “ಅಟ್ಟದ ಮೇಲೆ ಓವನ್ ಇದೆ” ಎಂದುಬಿಟ್ಟೆ.

ಆ ಓವನ್ನಿನ ಕಥೆ ಹೇಳಬೇಕು. 1991ರ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡದ್ದು. ಮೈಸೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ ಅದರ ಅಣ್ಣ-ತಮ್ಮಂದಿರು ಈಗಲೂ ಇರಬಹುದು: ದುಂಡನೆಯ ಅಲ್ಯೂಮಿನಿಯಂ ಡಬ್ಬ, ಮುಚ್ಚಳದಲ್ಲಿ ಗಾಜಿನ ಕಿಂಡಿ, ಒಂದು ದಪ್ಪ ವೈರು. ಶಾಖ ಹೆಚ್ಚು ಕಡಿಮೆ ಮಾಡುವ ತಿರುಗಣೆ ಗಿರುಗಣೆ ಯಾವುದೂ ಇಲ್ಲ. ಹಾಕಿದರೆ ಉರಿಯುತ್ತದೆ, ತೆಗೆದರೆ ಆರುತ್ತದೆ. ಮಳಿಗೆಯವನು ಹತ್ತು ನಿಮಿಷದಲ್ಲಿ ಕೇಕು ಉಬ್ಬಿಸಿ ತೋರಿಸಿದ ಚಮತ್ಕಾರಕ್ಕೆ ಮರುಳಾಗಿ ತಂದೆ. ನಮ್ಮತ್ತೆ ಅದನ್ನು ಅಡುಗೆಮನೆಯೊಳಕ್ಕೆ ಬಿಡಲಿಲ್ಲ. ಅವರ ಕಾಲದಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರಿಗೆ ಡಾಕ್ಟರು ಬರೆದುಕೊಡುವ ಪಥ್ಯ. ಹಾಲಿನಲ್ಲಿ ಅದ್ದಿಕೊಟ್ಟು ಆ ಲೋಟವನ್ನು ಬೇರೆ ಇಡುತ್ತಿದ್ದರಂತೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಷ್ಟು ಹಿಂದೆಯೇ ಅಯ್ಯಂಗಾರರೊಬ್ಬರು ಬಿ.ಬಿ. ಬೇಕರಿ ತೆರೆದದ್ದು, ಆಮೇಲೆ ಹಾಸನದ ಕಡೆಯ ಎಷ್ಟೋ ಅಯ್ಯಂಗಾರ್ ಕುಟುಂಬಗಳು ಅದೇ ಕಸುಬು ಹಿಡಿದು ನಾಡಿನ ಮೂಲೆಮೂಲೆಗೆ ಹೋದದ್ದು ಇದನ್ನೆಲ್ಲ ಹೇಳಿ ನಾನು ವಾದಿಸಿದ್ದೂ ಉಂಟು. “ಅವರು ಮಾಡಲಿ, ಅದು ಅವರ ಅಂಗಡಿ. ಇದು ನನ್ನ ಅಡುಗೆಮನೆ” ಎಂದು ಬಾಯಿ ಮುಚ್ಚಿಸಿದ್ದರು. ಕೊನೆಗೆ ಊಟದ ಮನೆಯ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಅದಕ್ಕೆ ಜಾಗ ಸಿಕ್ಕಿತ್ತು. ಮೊಟ್ಟೆಯಂತೂ ಮನೆಯೊಳಗೆ ಬರುವಂತಿಲ್ಲ. ಮಿಲ್ಕ್‌ಮೇಡ್ ಡಬ್ಬದ ಹಾಲೋ, ಹುಳಿ ಮೊಸರೋ ಹಾಕಿ ಮಗಳ ಹುಟ್ಟುಹಬ್ಬಕ್ಕೆ ನಾಲ್ಕೈದು ವರ್ಷ ಕೇಕು ಮಾಡಿದ್ದೆ. ಆಮೇಲೆ ಅದು ಅಟ್ಟ ಸೇರಿತು.

ನಮ್ಮವರು ಇಳಿಸಿಕೊಟ್ಟರು, ಇಲಿ ಕಡಿದ ವೈರು ಬದಲಾಯಿಸಿ ಮೂರು ಕಡ್ಡಿಯ ಹೊಸ ಪ್ಲಗ್ಗನ್ನೂ ಹಾಕಿಸಿದರು. ನಿಮ್ಮಲ್ಲೂ ಇಂಥ ಹಳೆಯದಿದ್ದರೆ ಅರ್ಥಿಂಗ್ ನೋಡಿಸದೆ ಮಕ್ಕಳ ಹತ್ತಿರ ಇಡಬೇಡಿ. “ಗೃಹಜ್ಯೋತಿ ಲೆಕ್ಕ ಮೀರಿ ಬಿಲ್ಲು ಬಂದ್ರೆ ನಿನ್ನ ಸಂಬಳದಲ್ಲಿ ಕಟ್ಟು” ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಹಳೆಯ ಡೈರಿಯಿಂದ ನಾನ್‌ಕಟಾಯಿಯ ಅಳತೆ ಸಿಕ್ಕಿತು. ಸೂರತ್ತಿನಲ್ಲಿ ಡಚ್ಚರ ಬೇಕರಿಗಳಿಂದ ಹುಟ್ಟಿಕೊಂಡದ್ದೆಂದು ಹೇಳುವ ಈ ಬಿಸ್ಕತ್ತಿಗೆ ಮೊಟ್ಟೆ ಬೇಡ, ಈಸ್ಟು ಬೇಡ, ಆದ್ದರಿಂದ ನಮ್ಮತ್ತೆಯ ತಕರಾರಿಲ್ಲ. ಒಂದು ಬಟ್ಟಲು ಮೈದಾ, ಎರಡು ಚಮಚ ಕಡಲೆಹಿಟ್ಟು, ಅರ್ಧ ಬಟ್ಟಲು ಸಕ್ಕರೆ ಪುಡಿ, ಅರ್ಧ ಬಟ್ಟಲು ಗಟ್ಟಿ ತುಪ್ಪ, 1/8 ಚಮಚ ಅಡುಗೆ ಸೋಡ, ನಾಲ್ಕು ಏಲಕ್ಕಿ. ತುಪ್ಪ ಸಕ್ಕರೆಯನ್ನು ಬೆಳ್ಳಗೆ ಹಗುರಾಗುವವರೆಗೆ ಕೈಯಲ್ಲೇ ತಿರುವಿ, ಜರಡಿ ಹಿಡಿದ ಹಿಟ್ಟನ್ನು ಸೇರಿಸಿ, ಉಂಡೆ ಮಾಡಿ ಸ್ವಲ್ಪ ಅದುಮಿ ಬೇಯಿಸುವುದು. ಹದಿನೈದು ಹದಿನಾರು ಆಗುತ್ತದೆ. ಸಂಜೆಗೆ ಮೂವತ್ತು ಮಕ್ಕಳಾದರೂ ಬರುತ್ತಾರೆ.

“ಓದ್ಕೊಳ್ಳಿ, ಮಾಡ್ಕೊಳ್ಳಿ. ಬಿಸಿ ಮುಟ್ಟೋ ಕೆಲಸ ಮಾತ್ರ ನಂದು. ಉಳಿದಿದ್ದಕ್ಕೆ ನಾನು ತುಟಿಪಿಟಕ್ ಅನ್ನಲ್ಲ” ಎಂದೆ. ಇದನ್ನು ಓದಿ, ಟೀಚರಮ್ಮ ಬಹಳ ತಿಳಿದು ಹೀಗೆ ಮಾಡಿದರು ಎಂದು ನೀವು ಭಾವಿಸಬಾರದು. ‘ಟೀಚರ್ ಆಗ್ಬೇಡ’ ಎಂಬ ಮಾತು ಇನ್ನೂ ಚುಚ್ಚುತ್ತಿತ್ತು. ಬರೀ ಬಿಗುಮಾನ. ಹೋಗಿ ಅತ್ತೆಯ ಪಕ್ಕ ಅವರೆಕಾಳು ಸುಲಿಯುತ್ತ ಕುಳಿತೆ.

ಮಾತಾಡದೆ ಕೂರುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಮೂವತ್ತು ಬೇಕೆಂದು ಪುಟ್ಟಿ ಮೈದಾ ಎರಡು ಬಟ್ಟಲು ಹಾಕಿದಳು, ಸಕ್ಕರೆ ಒಂದು ಬಟ್ಟಲು ಹಾಕಿದಳು, ತುಪ್ಪ ಮಾತ್ರ ಡೈರಿಯಲ್ಲಿದ್ದ ಹಾಗೇ ಅರ್ಧ ಬಟ್ಟಲು. ಹಿಟ್ಟು ಉದುರುದುರಾಗಿ ಉಂಡೆಗೆ ನಿಲ್ಲಲೊಲ್ಲದು. ನನ್ನ ಕೈ ಹೋಗಿ ತುಪ್ಪದ ಡಬ್ಬಿ ಎತ್ತಲು ತವಕಿಸುತ್ತಿದೆ. ಅಷ್ಟರಲ್ಲಿ ಗುಂಡ ಮಹಾಮಂತ್ರಿಯ ಹಾಗೆ, “ನೀರು ಹಾಕು, ಚಪಾತಿಗೆ ಹಾಕಲ್ವಾ?” ಎಂದ. ಹಾಕಿದರು. ಚೆನ್ನಾಗಿ ನಾದಿದರು. ಲಕ್ಷಣವಾದ ಉಂಡೆಗಳಾದವು. ಬೆಂದು ಬಂದ ಮೇಲೆ ತಟ್ಟೆಗೆ ಬಿದ್ದರೆ ಟಣ್ ಎಂದು ಸದ್ದು! ನಮ್ಮವರು ಒಂದನ್ನು ಬಾಯಿಗಿಟ್ಟು, ಹಲ್ಲಿನ ಡಾಕ್ಟರಿಗೆ ಕೊಟ್ಟ ದುಡ್ಡು ನೆನಪಾಗಿ, ಮೆಲ್ಲಗೆ ಕೆಳಗಿಟ್ಟರು.

ಪುಟ್ಟಿ ನನ್ನ ಮುಖ ನೋಡಿದಳು. ನಾನು ಅವರೆಕಾಳು ನೋಡಿದೆ.

ಬಾಯಿ ಬಿಟ್ಟವರು ನಮ್ಮತ್ತೆ. “ನೀರು ಬಿದ್ರೆ ಅದು ಕಣಕ ಆಯ್ತಲ್ಲೇ ಮಗು. ಒಬ್ಬಟ್ಟಿಗೆ ಎಳೆದ್ರೆ ರಬ್ಬರ್ ಹಾಗೆ ಬರ್ಬೇಕು ಅಂತ ನಾವು ನಾದ್ತೀವಿ. ಬಿಸ್ಕತ್ತು ಪುಡಿಯಾಗ್ಬೇಕು. ಅದಕ್ಕೆ ಎಳೆ ಯಾಕೆ?” ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟ ಹೆಂಗಸು! ಚಿಕ್ಕ ಉಂಡೆ ಮೈದಾ ಕಲಸಿಸಿ, ಅರ್ಧ ಗಂಟೆ ನೆನೆಯಬಿಟ್ಟು, ಬೋಗುಣಿಯ ನೀರಿನಲ್ಲಿ ಹಿಸುಕಿ ತೊಳೆಯಲು ಹೇಳಿದರು. ನೀರು ಹಾಲಿನಂತಾಯಿತು. ಬದಲಾಯಿಸಿ ಬದಲಾಯಿಸಿ ತೊಳೆದ ಮೇಲೆ ಗುಂಡನ ಕೈಯಲ್ಲಿ ಚೂಯಿಂಗ್ ಗಮ್ಮಿನಂಥ ಮುದ್ದೆ ಉಳಿಯಿತು, ಎಳೆದರೆ ಹಿಗ್ಗುವಂಥದು. ಗೋಧಿಯ ಈ ಅಂಟಿಗೆ ಗ್ಲುಟೆನ್ ಎನ್ನುತ್ತಾರೆಂದು ನಾನು ಹೇಳಬಹುದಿತ್ತು. ತುಪ್ಪ ಹಿಟ್ಟಿನ ಕಣಕಣಕ್ಕೂ ಮೆತ್ತಿಕೊಂಡು, ನೀರು ತಾಕಿ ಅಂಟು ಕಟ್ಟದ ಹಾಗೆ ತಡೆಯುತ್ತದೆ, ಅದಕ್ಕೇ ನಾನ್‌ಕಟಾಯಿ ಬಾಯಲ್ಲಿ ಕರಗುವುದು ಎಂದೂ ಹೇಳಬಹುದಿತ್ತು. ಸಿ.ಎಫ್.ಟಿ.ಆರ್.ಐ.ನವರು ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಶಾಲೆಯ ಮಕ್ಕಳನ್ನು ಸಾಲಾಗಿ ಕರೆದೊಯ್ದು, ಚೆಲುವಾಂಬ ಮ್ಯಾನ್ಷನ್ನಿನ ಆ ಭವ್ಯ ಕಟ್ಟಡದ ಮುಂದೆ ನಿಲ್ಲಿಸಿ, “1950ರಲ್ಲಿ ಶುರುವಾದ ಸಂಸ್ಥೆ, ಬರ್ಕೊಳ್ಳಿ” ಎಂದು ಬರೆಸಿದವಳು ನಾನು. ಹಿಟ್ಟು, ಬೇಕರಿ ವಿದ್ಯೆಗೆ ಅಲ್ಲಿ ಒಂದು ವಿಭಾಗವೇ ಇದೆ. ಆ ಮಕ್ಕಳಲ್ಲಿ ಯಾರೊಬ್ಬರ ಕೈಗೂ ಒಂದು ಚಿಟಿಕೆ ಹಿಟ್ಟು ಹತ್ತಿರಲಿಲ್ಲ. ನೋಟ್ ಬುಕ್ಕು ಮಾತ್ರ ತುಂಬಿತ್ತು.

ಎರಡನೆಯ ಸಲ ತುಪ್ಪ ಸರಿಹೋಯಿತು, ಸೋಡ ಕೆಟ್ಟಿತು. ‘1/8 ಚಮಚ’ ಎಂದು ಬರೆದಿದ್ದನ್ನು ಇಬ್ಬರೂ ಸೇರಿ ಏನೆಂದು ತಿಳಿದರೋ, ತುಂಬ ಒಂದು ಚಮಚ ಸುರಿದರು. ಬಿಸ್ಕತ್ತು ಕಂದು ಬಣ್ಣಕ್ಕೆ ತಿರುಗಿ, ಸೋಪು ನೆಕ್ಕಿದ ರುಚಿ. ಇದೇಕೆ ಹೀಗೆ ಎಂದು ಪುಟ್ಟಿ ಕೇಳಿದಾಗ ಬಿ.ಎ. ಓದಿದ ನನಗೆ ನಿಜವಾಗಿಯೂ ತಿಳಿಯಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಡಂಗೆ ಫೋನು ಹಚ್ಚಿದೆವು. ಸೋಡ ಬಿಸಿಯಾದರೆ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ, ಆ ಅನಿಲವೇ ಬಿಸ್ಕತ್ತನ್ನು ಉಬ್ಬಿಸುವುದು. ಆದರೆ ಹಿಂದೆ ಉಳಿಯುವುದು ಬಟ್ಟೆ ಒಗೆಯುವ ಸೋಡವೇ. ಹೆಚ್ಚು ಹಾಕಿದರೆ ಹೆಚ್ಚು ಉಳಿಯುತ್ತದೆ. ಮೊಸರಿನಂಥ ಹುಳಿ ಇದ್ದರೆ ಅದರ ಖಾರ ಮುರಿಯುತ್ತದೆ ಎಂದು ಅವರು ಅಂದದ್ದೇ ತಡ, ಗುಂಡ ಲೋಟದ ಮೊಸರಿಗೆ ಸೋಡ ಹಾಕಿ ನೊರೆ ಉಕ್ಕಿಸಿ ನೆಲವೆಲ್ಲ ಮಾಡಿದ.

“ಹಾಗಾದ್ರೆ ಒನ್ ಬೈ ಏಟ್ ಅಂದ್ರೆ ಎಷ್ಟು?” ಪುಟ್ಟಿ ಕೇಳಿದ್ದು ನನ್ನನ್ನಲ್ಲ, ದೊಡ್ಡಜ್ಜಿಯನ್ನು.

“ಅರೆಕಾಲು” ಎಂದರು ನಮ್ಮತ್ತೆ.

ಮಕ್ಕಳು ಬಿದ್ದು ಬಿದ್ದು ನಕ್ಕರು. “ಅರ್ಧ ಕಾಲಾ! ಯಾರ ಕಾಲು?”

“ನಗಬೇಡ್ರೋ. ಒಂದರಲ್ಲಿ ಅರೆ ಅಂದ್ರೆ ಅರ್ಧ. ಅದರಲ್ಲಿ ಅರ್ಧ ಕಾಲು. ಕಾಲಿನ ಅರೆ ಅರೆಕಾಲು. ಅದರಲ್ಲಿ ಅರ್ಧ ವೀಸ. ನಮಗೆ ಮಗ್ಗಿ ಹೇಳಿಸ್ತಿದ್ರು.”

ಎಂಟರಲ್ಲೊಂದು, ಹದಿನಾರರಲ್ಲೊಂದು ಎಂದು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಈ ಅರೆಕಾಲು, ವೀಸ ನನ್ನ ಕಿವಿಗೂ ಬಿದ್ದ ಪದಗಳೇ. ಹೆಸರಿನಲ್ಲೇ ಮಾಡುವ ಕ್ರಮ ಅಡಗಿದೆ ಎನ್ನುವುದು ಮಾತ್ರ ಅವತ್ತಿನವರೆಗೂ ಹೊಳೆದಿರಲಿಲ್ಲ.

ಪುಟ್ಟಿ ಒಂದು ಸಪಾಟು ಚಮಚ ಸೋಡವನ್ನು ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಸುರಿದು, ಚಾಕುವಿನಿಂದ ಉದ್ದಕ್ಕೆ ಹರಡಿದಳು. ನಡುವೆ ಗೆರೆ ಹಾಕಿದಳು. ಅರ್ಧ. ಆ ಅರ್ಧದ ನಡುವೆ ಇನ್ನೊಂದು. ಕಾಲು. ಅದರ ನಡುವೆ ಮತ್ತೊಂದು. ಹೆಬ್ಬೆಟ್ಟಿನ ಉಗುರಿನಷ್ಟು ಬಿಳಿ ಗುಪ್ಪೆ. “ಇಷ್ಟೇ ಇಷ್ಟಾ?” ಎಂದು ಬೆಪ್ಪಾದಳು. “ನಾವು ಎಂಟು ಪಾಲು ಹಾಕಿದ್ವಾ!” ಅಷ್ಟು ಹೊತ್ತಿಗೆ ಗುಂಡನಿಗೆ ನೆನಪಾಯಿತು: ಬಿಸ್ಕತ್ತು ಮೂವತ್ತು ಬೇಕು, ಸೋಡವೂ ಎರಡು ಅರೆಕಾಲು ಬೇಕು. ಪುಟ್ಟಿ ಪಕ್ಕದ ಗುಪ್ಪೆಯನ್ನು ಚಾಕುವಿನಿಂದ ತಳ್ಳಿ ಮೊದಲಿನದಕ್ಕೆ ಕೂಡಿಸಿದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಆ ಹೋಂವರ್ಕು ಹಾಳೆ ತಂದು, 2/16ರ ಮೇಲೆ ಅಡ್ಡಗೆರೆ ಎಳೆದು 1/4 ಎಂದು ಬರೆದಳು. ಮೈದಾದ ಬೆರಳ ಗುರುತು ಹಾಳೆಯ ಮೇಲೆ ಬಿತ್ತು.

ನನ್ನ ಕಡೆ ನೋಡಲೇ ಇಲ್ಲ. ಸರಿಯೇ ತಪ್ಪೇ ಎಂದು ಕೇಳಲೂ ಇಲ್ಲ.

ಮೂರನೆಯ ಒಬ್ಬೆಯನ್ನು ಓವನ್ ಕೆಡಿಸಿತು. ಒಂದು ಮಗ್ಗುಲು ಕರಿಕು, ಇನ್ನೊಂದು ಮಗ್ಗುಲು ಹಸಿ. ಆ ಮೇಲೆ ಮಕ್ಕಳು ಬಿಳಿ ಕಾಗದದ ಚೂರನ್ನು ಖಾಲಿ ಓವನ್ನಿನಲ್ಲಿ ಇಡಿಸಿ, ಅದು ಯಾವ ಕಡೆ ಎಷ್ಟು ಬೇಗ ಕಂದುತ್ತದೆ ಎಂದು ಗಾಜಿನ ಕಿಂಡಿಯಲ್ಲಿ ಇಣುಕಿ, ಗೋಡೆ ಗಡಿಯಾರ ನೋಡಿ ಬರೆದುಕೊಂಡರು. ಏಳು ನಿಮಿಷಕ್ಕೆ ಒಮ್ಮೆ ತಟ್ಟೆ ತಿರುಗಿಸಬೇಕೆಂದು ತೀರ್ಮಾನವಾಯಿತು. ಹಾಗೆ ಇಣುಕುವಾಗಲೇ ಗುಂಡ ಮುಚ್ಚಳಕ್ಕೆ ಬೆರಳು ತಗುಲಿಸಿಕೊಂಡ. ನನ್ನ ಎದೆ ಧಸಕ್ಕೆಂದಿತು. ನಲ್ಲಿಯ ತಣ್ಣೀರಿನ ಕೆಳಗೆ ಹತ್ತು ಹದಿನೈದು ನಿಮಿಷ ಅವನ ಕೈ ಹಿಡಿದೇ ನಿಂತೆ. ಹಿಂದಿನಿಂದ ಅತ್ತೆ “ಇಂಕು ಹಾಕೇ” ಎಂದು ಹೇಳುತ್ತಲೇ ಇದ್ದರು. ಹಾಕಲಿಲ್ಲ. ಬೊಬ್ಬೆ ಏಳಲಿಲ್ಲ. ಅವನ ತಾಯಿ ಮೆಟ್ಟಿಲು ಹತ್ತಿ ಬಂದಾಗ ಏನು ಉತ್ತರ ಹೇಳಲಿ ಎಂದು ನಡುಗುತ್ತಿದ್ದೆ. ಗಂಡುಹುಡುಗನಿಗೆ ಒಲೆ ಕೆಲಸ ಯಾಕೆ ಎಂದರೂ ಎನ್ನಬಹುದು. ಆಕೆ ಬೆರಳು ನೋಡಿ, ಊದಿ, “ಮೇಡಂ, ನಮ್ಮನೇಲಿ ಉಂಡ ತಟ್ಟೆ ಎತ್ತದೋನು ಇಲ್ಲಿ ಪಾತ್ರೆ ತೊಳೀತಾನಂತೆ, ನಿಜಾನಾ?” ಎಂದು ಕೇಳಿದಳು. ನಿಜವೇ. ನಮ್ಮ ಮನೆಯ ಕಾನೂನು ಅದು, ಮುಟ್ಟಿದ ಪಾತ್ರೆ ಮುಟ್ಟಿದವರೇ ತೊಳೆಯಬೇಕು. ಆಮೇಲಿನಿಂದ ಓವನ್ನಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ಗೆರೆ ಬರೆದೆ. ಅದರೊಳಗೆ ನಾನು ಮಾತ್ರ.

ನಾಲ್ಕನೆಯ ಸಲ ಬಂದದ್ದು ಬಿಸ್ಕತ್ತು. ನಡುವೆ ಸೀಳುಬಿಟ್ಟು, ಅಂಚು ಮಾತ್ರ ಹೊಂಬಣ್ಣ, ಮುಟ್ಟಿದರೆ ಪುಡಿ. ಎಲ್ಲ ಒಂದೇ ಗಾತ್ರವಿರಲಿಲ್ಲ ಎನ್ನಿ. ಗುಂಡ ಅದುಮಿದವು ಅವನ ಹಾಗೆಯೇ ಗುಂಡಗಿದ್ದವು. ಆ ಸಂಜೆ ಬಂದ ಮಕ್ಕಳು ಎರಡೆರಡು ಸಲ ಕೈಯೊಡ್ಡಿದರು. ಮಾರನೆಯ ದಿನ ಪಕ್ಕದ ಬೀದಿಯಿಂದಲೂ ಬಂದರು. ನನ್ನ ಕಾಲದ ಗುಪ್ತವಾರ್ತೆಯ ಏರ್ಪಾಡು ಇನ್ನೂ ಸತ್ತಿಲ್ಲ ಎಂದು ಸಂತೋಷವಾಯಿತು.

ಆಯುಧಪೂಜೆಯ ದಿನ ಬೆಳಿಗ್ಗೆ ಮಗಳು ಬೆಂಗಳೂರಿನಿಂದ ಬಂದಳು. ಚೀಲವನ್ನು ಕೆಳಗಿಟ್ಟವಳೇ “ಅಯ್ಯೋ, ಈ ಓವನ್ ಇನ್ನೂ ಇದ್ಯಾ!” ಎಂದಳು. ಒಳಗೆ ಪುಟ್ಟಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ತುಪ್ಪ ಸಕ್ಕರೆ ತಿರುವುತ್ತಿದ್ದಳು. ಮಗಳು ಅಡುಗೆಮನೆಯ ಹೊಸ್ತಿಲ ತನಕ ಬಂದು ಅಲ್ಲೇ ನಿಂತಳು. “ಬಾರೇ ಒಳಗೆ” ಎಂದೆ.

“ಇಲ್ಲೇ ಅಲ್ವಾ ಅಮ್ಮ, ನೀನು ನನ್ನ ನಿಲ್ಲಿಸಿದ್ದು? ಹದಿಮೂರರ ಮಗ್ಗಿ ಹೇಳು ಅಂತ. ನಾನು ಕೇಕಿನ ಹಿಟ್ಟಿಗೆ ಕೈ ಹಾಕಿದೆ, ನೀನು ಚಮಚದಲ್ಲಿ ಕೈ ಮೇಲೆ ಹೊಡೆದೆ. ಮಾರನೇ ದಿನ ಪರೀಕ್ಷೆ ಇತ್ತು.”

ನನಗೆ ನೆನಪಿರಲಿಲ್ಲ. ಅವಳ ಎಂಟನೆಯ ಹುಟ್ಟುಹಬ್ಬ, 1997 ಇರಬೇಕು. ಆ ಕೇಕು ನೆನಪಿದೆ, ಮೇಲೆ ಗೋಡಂಬಿಯಲ್ಲಿ ಬರೆದ ಹೆಸರು ನೆನಪಿದೆ, ಆ ಪರೀಕ್ಷೆಯಲ್ಲಿ ಅವಳಿಗೆ ಲೆಕ್ಕದಲ್ಲಿ ತೊಂಬತ್ತೆಂಟು ಬಂದದ್ದೂ ನೆನಪಿದೆ. ಹೊಡೆದದ್ದು ನೆನಪಿಲ್ಲ. ಹಾಗೆಂದೇ ಹೇಳಿದೆ.

“ನಂಗಿದೆ” ಎಂದು ನಕ್ಕಳು.

“ಹೊಡೆದಿದ್ದು ಹೌದು. ನಾನು ಕಂಡಿದೀನಿ” ಎಂದು ಕುರ್ಚಿಯಿಂದ ಸಾಕ್ಷಿ ಬಂತು. ನಮ್ಮತ್ತೆಗೆ ಬೆಳಿಗ್ಗೆ ತಿಂದದ್ದು ಮರೆತುಹೋಗುತ್ತದೆ, ಇಂಥವು ಮರೆಯುವುದಿಲ್ಲ.

ಆ ವರ್ಷಗಳು ಎಂಥವು ಎಂದು ಹೇಳಿದರೆ ನಿಮಗೆ ನಗು ಬರಬಹುದು. ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ‘ನಲಿ-ಕಲಿ’ ಶುರುವಾಗಿತ್ತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತು, ಕಾರ್ಡು ಕಾಳು ಕಡ್ಡಿ ಹಿಡಿದು, ಹಾಡಿಕೊಂಡು ತಮ್ಮ ಪಾಡಿಗೆ ತಾವು ಕಲಿಯುತ್ತಿದ್ದುದನ್ನು ನೋಡಿಬರಲು ನಾವು ಕೆಲವರು ಬಸ್ಸು ಹಿಡಿದು ಹೋಗಿದ್ದೆವು. ಕಣ್ಣಲ್ಲಿ ನೀರು ಬಂದಿತ್ತು ನನಗೆ. ಬಂದವಳೇ ನಮ್ಮ ಶಾಲೆಯ ಸಭೆಯಲ್ಲಿ ಅರ್ಧ ಗಂಟೆ ಭಾಷಣ ಮಾಡಿದೆ. 1937ರ ವಾರ್ಧಾ ಸಮ್ಮೇಳನ, ಗಾಂಧೀಜಿಯ ಮೂಲಶಿಕ್ಷಣ, 1939ರಲ್ಲಿ ಅಡ್ಯಾರಿಗೆ ಬಂದ ಮಾಂಟೆಸ್ಸರಿ ಎಂದು ಬಿ.ಎಡ್.ನಲ್ಲಿ ಹತ್ತು ಅಂಕಕ್ಕೆ ಬರೆದದ್ದನ್ನೆಲ್ಲ ಒಪ್ಪಿಸಿದೆ. ಮಕ್ಕಳ ಕೈಗೆ ಕೆಲಸ ಕೊಡಿ ಎಂದೆ. ಚಪ್ಪಾಳೆ ಬಿತ್ತು. ಮನೆಯಲ್ಲಿ ಮಗಳು ಹೊಸ್ತಿಲಾಚೆ ನಿಂತು ಹದಿಮೂರರ ಮಗ್ಗಿ ಹೇಳುತ್ತಿದ್ದಳು. ಅವಳಿಗೆ ಅಡುಗೆ ಕಲಿಸಿದರೆ ಅಡುಗೆಮನೆಗೇ ಸಲ್ಲುತ್ತಾಳೆ, ಇಂಜಿನಿಯರ್ ಆಗಬೇಕು, ನನ್ನ ಹಾಗೆ ಹಿಟ್ಟು ನಾದುತ್ತ ಪರೀಕ್ಷೆಗೆ ಓದುವ ಪಾಡು ಬೇಡ ಎಂದು ನನ್ನ ಲೆಕ್ಕವಿತ್ತು. ಆ ಲೆಕ್ಕ ಪೂರ್ತಿ ತಪ್ಪು ಎನ್ನಲು ಇವತ್ತಿಗೂ ನನಗೆ ಮನಸ್ಸು ಬಾರದು. ಅವಳು ಇಂಜಿನಿಯರ್ ಆದಳು.

ಮಗಳು ಬಳೆ ತೆಗೆದಿಟ್ಟು, ಕೈ ತೊಳೆದು ಮಗಳ ಪಕ್ಕ ಕುಳಿತಳು. ಹಿಟ್ಟು ಸೇರಿಸುತ್ತ ಸೇರಿಸುತ್ತ ನಿಲ್ಲಿಸಿ, ತಲೆಯೆತ್ತಿ, “ಅಮ್ಮ, ಇಷ್ಟು ಸಾಕಾ?” ಎಂದಳು.

ಮೂವತ್ತೈದು ವರ್ಷದ ಹೆಂಗಸು. ಕಚೇರಿಯಲ್ಲಿ ಅವಳ ಕೈಕೆಳಗೆ ಹನ್ನೆರಡು ಜನ ಇದ್ದಾರೆ. ಬಟ್ಟಲು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು, ಹುಬ್ಬು ಏನು ಹೇಳುತ್ತದೋ ಎಂದು.

ಪುಟ್ಟಿಗೆ ರೇಗಿತು. “ಅಮ್ಮಾ, ಅಜ್ಜಿ ಮುಖ ನೋಡ್ಬೇಡ. ಹಿಟ್ಟು ನೋಡು. ಉಂಡೆ ಮಾಡಿದಾಗ ಒಡೆದುಹೋದ್ರೆ ತುಪ್ಪ ಸಾಲದು ಅಂತ.”

ನಾನು ಎದ್ದು ಬೊಂಬೆಯ ಕೋಣೆಗೆ ಹೋದೆ. ನೆಟ್ಟಗೇ ಕುಳಿತಿದ್ದ ರಾಜ-ರಾಣಿಯರನ್ನು ಇನ್ನೊಮ್ಮೆ ನೆಟ್ಟಗೆ ಮಾಡಿ, ಚೆಟ್ಟಿಯ ಅಂಗಡಿಯ ಮುಂದೆ ಕಾಳಿನ ಬಟ್ಟಲುಗಳನ್ನು ಅತ್ತಿಂದಿತ್ತ ಇಟ್ಟು, ಸ್ವಲ್ಪ ಹೊತ್ತು ಅಲ್ಲೇ ಇದ್ದೆ. ಅಡುಗೆಮನೆಯಿಂದ ನಗು ಕೇಳಿಸುತ್ತಿತ್ತು. ಆಯುಧಪೂಜೆಗೆಂದು ಇಟ್ಟಿದ್ದ ಕತ್ತರಿ, ಚಾಕು, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಯಾರೋ ಅಳತೆಯ ಚಮಚಕ್ಕೂ ಅರಿಶಿನ ಕುಂಕುಮ ಹಚ್ಚಿಟ್ಟಿದ್ದರು.

ರಜೆ ಮುಗಿದು ಹದಿನೈದು ದಿನಕ್ಕೆ ಪುಟ್ಟಿಯ ಫೋನು ಬಂತು. ಭಿನ್ನರಾಶಿಯ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಹದಿನಾಲ್ಕು. “ಅಜ್ಜಿ, ಪೇಪರಲ್ಲಿ ಅರೆಕಾಲು ಬರ್ಲೇ ಇಲ್ಲ. ಬರೀ ಏಳು, ಹನ್ನೊಂದು ಕೊಟ್ಟಿದ್ರು. ಚಮಚವನ್ನ ಏಳು ಭಾಗ ಹೇಗ್ ಮಾಡೋದು?” ಮುಂಚೆ ಅವಳಿಗೆ ಎಂಟು ಒಂಬತ್ತು ಬರುತ್ತಿತ್ತಂತೆ. ಏಳು ಭಾಗದ ಪ್ರಶ್ನೆಗೆ ನನ್ನ ಬಳಿಯೂ ಉತ್ತರ ಇರಲಿಲ್ಲ. ದೊಡ್ಡಜ್ಜಿಯನ್ನು ಕೇಳಿ ಹೇಳುತ್ತೇನೆ ಎಂದೆ.

ಶಾಲೆ ತೆರೆದ ಮೇಲೆ ನಾನು ಒಂದು ಪ್ರಯೋಗ ಮಾಡಿದೆ. ಪ್ರಶ್ನೆ ಕೇಳಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ನಿಂತೆ. ತರಗತಿ ಗಪ್‌ಚಿಪ್ಪಾಯಿತು. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, “ಮಿಸ್, ನಮ್ಮ ಮೇಲೆ ಕೋಪಾನಾ?” ಎಂದಳು. ಆಗಿನಿಂದ ಹಾಗೆ ತಿರುಗಿ ನಿಲ್ಲುವುದನ್ನು ಬಿಟ್ಟಿದ್ದೇನೆ. ಪ್ರಶ್ನೆ ಕೇಳಿ ಚಾಕ್‌ಪೀಸು ಹುಡುಕುವ ನೆವದಲ್ಲಿ ಮೇಜಿನ ಡ್ರಾಯರಿನೊಳಗೆ ತಲೆ ಹಾಕುತ್ತೇನೆ. ಮಕ್ಕಳು ನಮ್ಮ ಮಿಸ್‌ಗೆ ಮರೆವು ಎಂದುಕೊಂಡಿದ್ದಾರೆ.

ಓವನ್ನು ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಶನಿವಾರದ ಮಧ್ಯಾಹ್ನ ಗುಂಡ ತನ್ನ ಇಬ್ಬರು ಗೆಳೆಯರನ್ನು ಕರೆದುಕೊಂಡು ಬರುತ್ತಾನೆ. ಹೋದ ವಾರ ಬನ್ನು ಮಾಡುತ್ತೇವೆಂದು ಈಸ್ಟು ತಂದಿದ್ದರು. ಹಿಟ್ಟು ಉಕ್ಕಿ ಡಬರಿಯ ಮುಚ್ಚಳ ಎತ್ತಿದ್ದನ್ನು ನೋಡಿ ನಮ್ಮತ್ತೆ, “ಇಡ್ಲಿ ಹಿಟ್ಟಿನ ದಾಯಾದಿ ಇದು” ಎಂದು ಕೊನೆಗೂ ಒಪ್ಪಿಕೊಂಡರು. ಬನ್ನು ಅರ್ಧ ಬೆಂದಿರುವಾಗ ಓವನ್ನಿನ ಕೆಳಗಿನ ಸುರುಳಿ ಸುಟ್ಟುಹೋಯಿತು. 1991ರ ಮಾಲಿಗೆ ಈಗ ಸುರುಳಿ ಎಲ್ಲಿ ಸಿಗಬೇಕು ಎಂದು ನಾನಂದರೆ, ಶಿವರಾಂಪೇಟೆಯಲ್ಲಿ ವಿಚಾರಿಸುತ್ತೇನೆಂದು ನಮ್ಮವರು ಸುಟ್ಟ ಸುರುಳಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟಿದ್ದಾರೆ. ಗುಂಡನೂ ಸ್ಕೂಟರಿನ ಹಿಂದೆ ಕುಳಿತು ಹೋಗಿದ್ದಾನೆ.